ಸಿಮ್ಯುಲೇಟರಿನಲ್ಲಿ ಒಂಟಿ ಹಾಯಿದೋಣಿ: ಹಾಯಿ ಹೊಂದಿಸುವುದರಿಂದ ಮೊದಲ ರೇಸಿನವರೆಗೆ

ಸಿಮ್ಯುಲೇಟರಿನಲ್ಲಿ ಹಾಯಿದೋಣಿ ಓಡಿಸಲು ಶುರುಮಾಡಿದವರೆಲ್ಲ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳುತ್ತಾರೆ: ‘ಹಾಯಿಯನ್ನು ಪೂರ್ತಿ ಬಿಗಿಯಾಗಿ ಎಳೆದಿದ್ದೇನೆ, ದೋಣಿಯ ಮೂತಿಯನ್ನು ಗುರುತಿನ ಕಡೆಗೇ ಇಟ್ಟಿದ್ದೇನೆ, ಆದರೂ ಎಲ್ಲರೂ ನನ್ನನ್ನು ದಾಟಿ ಹೋಗುತ್ತಾರಲ್ಲ, ಯಾಕೆ?’ ಉತ್ತರ ಪ್ರಶ್ನೆಯೊಳಗೇ ಇದೆ. ಪೂರ್ತಿ ಎಳೆದಿದ್ದೀರಿ, ಅದಕ್ಕೇ. ಹೊಸಬರ ಬಹುತೇಕ ತೊಂದರೆಗಳ ಬೇರು ಎರಡೇ: ಹಗ್ಗವನ್ನು ಅತಿಯಾಗಿ ಎಳೆಯುವುದು, ಮೂತಿಯನ್ನು ಗಾಳಿಗೆ ಅತಿಯಾಗಿ ಒಡ್ಡುವುದು. ಇವೆರಡನ್ನು ಬಿಟ್ಟರೆ ಅರ್ಧ ಗೆದ್ದ ಹಾಗೆ. ಉಳಿದರ್ಧಕ್ಕೆ ಕೆಳಗಿನ ಹಂತಗಳಿವೆ.

ಉದಾಹರಣೆಗೆ ಲೇಸರ್ ದೋಣಿಯನ್ನು ಇಟ್ಟುಕೊಂಡಿದ್ದೇನೆ. ಒಬ್ಬರೇ ನಡೆಸುವ ಡಿಂಗಿಗಳಲ್ಲಿ (ಡಿಂಗಿ ಎಂದರೆ ತೆರೆದ ಸಣ್ಣ ದೋಣಿ) ಇದರಷ್ಟು ಹರಡಿರುವುದು ಕಡಿಮೆ. ಕೆನಡಾದ ಬ್ರೂಸ್ ಕರ್ಬಿ ಇದರ ವಿನ್ಯಾಸಕ. ಉದ್ದ ಸುಮಾರು 4.2 ಮೀಟರ್, ಒಡಲಿನ ತೂಕ 59 ಕಿಲೋ, ಹಾಯಿ ಒಂದೇ. 2019ರಿಂದ ಇದಕ್ಕೆ ಐಎಲ್‌ಸಿಎ ಎಂಬ ಹೆಸರು ಬಂದಿದೆ. ಒಡಲು ಅದೇ ಇಟ್ಟುಕೊಂಡು ಮೂರು ಅಳತೆಯ ಹಾಯಿ ಹಾಕಬಹುದು: ದೊಡ್ಡದು 7.06 ಚದರ ಮೀಟರ್, ನಡುವಿನದು 5.76, ಚಿಕ್ಕದು 4.7. ದೊಡ್ಡ ಹಾಯಿಯದು 1996ರಿಂದ, ನಡುವಿನದು ಮಹಿಳೆಯರಿಗಾಗಿ 2008ರಿಂದ ಒಲಿಂಪಿಕ್ಸ್‌ನಲ್ಲಿವೆ. ಟೋಕಿಯೊ ಮತ್ತು ಪ್ಯಾರಿಸ್ ಎರಡೂ ಕೂಟಗಳಲ್ಲಿ ಭಾರತದ ವಿಷ್ಣು ಸರವಣನ್ ಮತ್ತು ನೇತ್ರಾ ಕುಮನನ್ ಇಳಿದದ್ದು ಇದೇ ದೋಣಿಯಲ್ಲಿ. ನಿಮ್ಮ ಸಿಮ್ಯುಲೇಟರಿನಲ್ಲಿ ಬೇರೆ ಒಂಟಿ ದೋಣಿ ಇದ್ದರೂ ಚಿಂತೆಯಿಲ್ಲ. ಗುಂಡಿಗಳು ಬದಲಾದಾವು, ಗಾಳಿಯ ಲೆಕ್ಕ ಬದಲಾಗದು.

ಹಂತ 1: ಮೊದಲು ಸೆಟ್ಟಿಂಗ್ಸ್

ಕೀಬೋರ್ಡ್ ಸಾಕು, ಆದರೆ ಗೇಮ್ ಕಂಟ್ರೋಲರ್ ಇದ್ದರೆ ಒಳ್ಳೆಯದು. ಅದರ ಕಡ್ಡಿಯನ್ನು ಎಷ್ಟು ಬಗ್ಗಿಸುತ್ತೀರೋ ಚುಕ್ಕಾಣಿ ಅಷ್ಟೇ ತಿರುಗುತ್ತದೆ. ಕೀಬೋರ್ಡಿನಲ್ಲಿ ಆಡುವವರು ಕೀಲಿಯನ್ನು ಒತ್ತಿ ಹಿಡಿಯಬೇಡಿ. ತಟ್ಟಿ, ಬಿಡಿ, ಕಾಯಿರಿ. ವಿಆರ್ ಹೆಡ್‌ಸೆಟ್ ಬಳಸುವವರು ಗಾಲಿಯಿಲ್ಲದ ಕುರ್ಚಿಯಲ್ಲಿ ಕೂತು ಆಡಿ. ಹೊಟ್ಟೆ ತೊಳಸಿದರೆ ತಕ್ಷಣ ತೆಗೆದಿಡಿ, ‘ಇನ್ನೊಂದು ಸುತ್ತು ಮುಗಿಸೋಣ’ ಎಂದು ಹಟ ಬೇಡ.

ಈ ನಾಲ್ಕನ್ನು ಸರಿಪಡಿಸಿಕೊಳ್ಳಿ:

- ಹಾಯಿಯನ್ನು ತಾನೇ ಹೊಂದಿಸುವ ಸಹಾಯಕ ವ್ಯವಸ್ಥೆ ಇದ್ದರೆ ಆಫ್ ಮಾಡಿ. ಫೋನಿನ ಕೆಲವು ಆಟಗಳಲ್ಲಿ ಇದನ್ನು ಆಫ್ ಮಾಡಲು ಬರುವುದಿಲ್ಲ. ಅಲ್ಲಿ ರೇಸಿನ ತಂತ್ರ ಕಲಿಯಬಹುದು, ಹಾಯಿ ಹಿಡಿಯುವುದನ್ನಲ್ಲ.
- ಗಾಳಿ 8 ನಾಟ್ ಇರಲಿ. ಒಂದು ನಾಟ್ ಎಂದರೆ ಗಂಟೆಗೆ 1.852 ಕಿ.ಮೀ.; ಅಂದರೆ ಗಂಟೆಗೆ ಸುಮಾರು 15 ಕಿ.ಮೀ. ಗಾಳಿ. ಬೀಸು ಏರಿಳಿಯದಿರಲಿ, ಅಲೆ ಸಣ್ಣದಿರಲಿ, ನೀರಿನ ಸೆಳೆತ ಸೊನ್ನೆ.
- ಎಡ ಗುಂಡಿ ಒತ್ತಿದರೆ ದೋಣಿ ಎಡಕ್ಕೆ ತಿರುಗುತ್ತದೋ, ಅಥವಾ ಟಿಲ್ಲರ್ (ಚುಕ್ಕಾಣಿಯ ಹಿಡಿಗೋಲು) ಎಡಕ್ಕೆ ಹೋಗಿ ದೋಣಿ ಬಲಕ್ಕೆ ತಿರುಗುತ್ತದೋ ನೋಡಿ. ಎರಡೂ ಬಗೆಯ ಆಟಗಳಿವೆ. ಮುಂದೊಂದು ದಿನ ನಿಜವಾದ ದೋಣಿ ಹತ್ತುವ ಆಸೆಯಿದ್ದರೆ ಟಿಲ್ಲರ್ ಬಗೆಯನ್ನೇ ಆರಿಸಿ. ಒಂದೆರಡು ದಿನ ಗೊಂದಲವಾಗುತ್ತದೆ, ಆಮೇಲೆ ಕೈಗೆ ಕೂರುತ್ತದೆ.
- ಪರದೆಯ ಮೇಲೆ ಗಾಳಿಯ ಬಾಣ, ದೋಣಿಯ ವಾಲು ಕೋನ, ದಿಕ್ಸೂಚಿಯ ಅಂಕಿ ಕಾಣುತ್ತಿರಲಿ. ವೇಗದ ಅಂಕಿಯನ್ನು ಮಾತ್ರ ಸದ್ಯಕ್ಕೆ ಮುಚ್ಚಿಡಿ, ಮುಚ್ಚಲು ಬಾರದಿದ್ದರೆ ಪರದೆಯ ಆ ಮೂಲೆಗೆ ಒಂದು ಚೀಟಿ ಅಂಟಿಸಿ.

ಈ ಕೊನೆಯ ಸಲಹೆಗೆ ತಕರಾರು ತೆಗೆಯುವವರು ಬಹಳ. ಆದರೆ ದೋಣಿಗೆ ತೂಕವಿದೆ. ನೀವು ಹಗ್ಗ ಎಳೆದ ಫಲ ಅಂಕಿಯಲ್ಲಿ ಕಾಣಲು ಕೆಲವು ಸೆಕೆಂಡು ಬೇಕು. ಅಷ್ಟರಲ್ಲಿ ನೀವು ಇನ್ನೇನೋ ಮಾಡಿರುತ್ತೀರಿ, ಯಾವುದರಿಂದ ಏನಾಯಿತೆಂದು ತಿಳಿಯುವುದೇ ಇಲ್ಲ. ಹಾಯಿಯನ್ನು ನೋಡಲು ಕಲಿತ ಮೇಲೆ ಅಂಕಿಯನ್ನು ತೆರೆಯಿರಿ.

ಹಂತ 2: ಗಾಳಿ ಎಲ್ಲಿಂದ?

ಯಾವ ಹಾಯಿದೋಣಿಯೂ ಗಾಳಿಗೆ ನೇರವಾಗಿ ಎದುರು ಹೋಗಲಾರದು. ಗಾಳಿ ಬರುವ ದಿಕ್ಕಿನ ಎರಡೂ ಬದಿಗೆ ಸುಮಾರು 45 ಡಿಗ್ರಿ ನಿಷಿದ್ಧ ವಲಯ. ಅದರೊಳಗೆ ಮೂತಿ ತೂರಿಸಿದರೆ ಹಾಯಿ ಪಟಪಟ ಬಡಿದುಕೊಂಡು ದೋಣಿ ನಿಂತುಬಿಡುತ್ತದೆ. ಎದುರು ಗಾಳಿಯ ಕಡೆಗಿರುವ ಗುರುತನ್ನು ಮುಟ್ಟಲು ಅಡ್ಡಡ್ಡವಾಗಿ, ಅಂಕುಡೊಂಕಾಗಿಯೇ ಏರಬೇಕು.

ಪರದೆಯಲ್ಲಿ ಎರಡು ಬಾಣಗಳಿದ್ದರೆ ಗಾಬರಿಯಾಗಬೇಡಿ. ಒಂದು ನಿಜವಾದ ಗಾಳಿ, ಇನ್ನೊಂದು ತೋರುಗಾಳಿ, ಅಂದರೆ ಚಲಿಸುತ್ತಿರುವ ದೋಣಿಗೆ ತಾಗುವ ಗಾಳಿ. ಗಾಳಿಯೇ ಇಲ್ಲದ ದಿನವೂ ಸ್ಕೂಟರ್ ಓಡಿಸಿದರೆ ಮುಖಕ್ಕೆ ಗಾಳಿ ಹೊಡೆಯುತ್ತದಲ್ಲ, ಅದೇ ಸಂಗತಿ. ಬೆನ್ನಿಗೆ 8 ನಾಟ್ ಗಾಳಿ ಇಟ್ಟುಕೊಂಡು 4 ನಾಟ್ ವೇಗದಲ್ಲಿ ಹೋಗುವಾಗ ಹಾಯಿಗೆ ಸಿಗುವುದು 4 ನಾಟ್ ಮಾತ್ರ. ಗಾಳಿಗೆ ಎದುರಾಗಿ ಏರುವಾಗ ತೋರುಗಾಳಿ ಜೋರಾಗುತ್ತದೆ, ಮೂತಿಯ ಕಡೆಗೂ ಸರಿಯುತ್ತದೆ. ಹಾಯಿಯನ್ನು ಹೊಂದಿಸುವುದು ತೋರುಗಾಳಿಗೆ, ರೇಸಿನ ದಾರಿ ಲೆಕ್ಕ ಹಾಕುವುದು ನಿಜವಾದ ಗಾಳಿಗೆ.

ಹಂತ 3: ಬಿಡಿ, ಆಮೇಲೆ ಎಳೆಯಿರಿ

ಇಡೀ ಲೇಖನದಲ್ಲಿ ಒಂದೇ ಹಂತ ಓದಲು ಸಮಯವಿದ್ದರೆ ಇದನ್ನು ಓದಿ.

ಮೇನ್‌ಶೀಟ್ ಎಂದರೆ ಹಾಯಿಯನ್ನು ಒಳಗೆಳೆಯುವ, ಹೊರಗೆ ಬಿಡುವ ಮುಖ್ಯ ಹಗ್ಗ. ಅದು ಕಟ್ಟಿರುವುದು ಬೂಮಿಗೆ, ಅಂದರೆ ಹಾಯಿಯ ತಳದಲ್ಲಿರುವ ಅಡ್ಡಗೋಲಿಗೆ. ಈಗ ಹೀಗೆ ಮಾಡಿ:

1. ಗಾಳಿ ನೇರ ಪಕ್ಕೆಗೆ ಬರುವಂತೆ ದೋಣಿ ತಿರುಗಿಸಿ, ದೂರದ ಒಂದು ಗುರುತಿನ ಕಡೆಗೆ ಮೂತಿ ಇಟ್ಟು ನೇರ ಹೋಗಿ. ಚುಕ್ಕಾಣಿ ಮುಟ್ಟಬೇಡಿ.
2. ಮೇನ್‌ಶೀಟನ್ನು ನಿಧಾನವಾಗಿ ಬಿಡುತ್ತಾ ಹೋಗಿ. ಕಂಬಕ್ಕೆ ಹತ್ತಿರದ ಮುಂದಿನ ಅಂಚಿನಲ್ಲಿ ಹಾಯಿ ಅದುರತೊಡಗುತ್ತದೆ. ಅಲ್ಲಿ ನಿಲ್ಲಿಸಿ.
3. ಈಗ ಅದುರುವುದು ನಿಲ್ಲುವಷ್ಟು ಮಾತ್ರ ಒಳಗೆಳೆಯಿರಿ. ಅದಕ್ಕಿಂತ ಒಂದಿಂಚೂ ಹೆಚ್ಚಲ್ಲ. ಇದೇ ಸರಿಯಾದ ಜಾಗ.
4. ಕೆಲವು ಸೆಕೆಂಡಿಗೊಮ್ಮೆ ಇದನ್ನೇ ಮತ್ತೆ ಮಾಡಿ. ಗಾಳಿ ಬದಲಾಗಿರುತ್ತದೆ, ದೋಣಿಯ ವೇಗ ಬದಲಾಗಿರುತ್ತದೆ, ಆದ್ದರಿಂದ ನಿನ್ನೆಯ ಸರಿ ಇವತ್ತು ಸರಿಯಲ್ಲ.

ಹಾಯಿಯನ್ನು ಕಡಿಮೆ ಎಳೆದರೆ ಅದು ಅದುರಿ ನಿಮಗೆ ಹೇಳುತ್ತದೆ. ಹೆಚ್ಚು ಎಳೆದರೆ ಏನೂ ಹೇಳುವುದಿಲ್ಲ. ನೋಡಲು ಅಂದವಾಗಿ, ಬಿಗಿಯಾಗಿ ನಿಂತಿರುತ್ತದೆ, ದೋಣಿ ಮಾತ್ರ ತೆವಳುತ್ತದೆ. ಹಾಯಿಯ ಹೊರಮೈ ಮೇಲೆ ಹರಿಯಬೇಕಾದ ಗಾಳಿ ಅಲ್ಲಿಂದ ಕಿತ್ತುಕೊಂಡು ಸುಳಿಯಾಗಿರುತ್ತದೆ. ಹೊಸಬರು ಸಿಕ್ಕಿಬೀಳುವುದು ಈ ಮೌನದಲ್ಲೇ. ಅನುಮಾನ ಬಂದಾಗಲೆಲ್ಲ ಬಿಟ್ಟು ನೋಡಿ.

ಇಲ್ಲಿ ಟೆಲ್‌ಟೇಲ್‌ಗಳ ಸಹಾಯ ಸಿಗುತ್ತದೆ. ಹಾಯಿಯ ಮುಂದಿನ ಅಂಚಿನ ಹತ್ತಿರ ಎರಡೂ ಮೈಗೆ ಅಂಟಿಸಿರುವ ಎಳೆಗಳಿವು. ಎರಡೂ ಹಿಂದಕ್ಕೆ ನೆಟ್ಟಗೆ ಹರಿಯುತ್ತಿದ್ದರೆ ಹೊಂದಿಕೆ ಸರಿ. ಗಾಳಿ ಬರುವ ಕಡೆಯ ಎಳೆ ಕುಣಿದರೆ ಹಗ್ಗ ಸ್ವಲ್ಪ ಎಳೆಯಿರಿ, ಇಲ್ಲವೇ ಮೂತಿಯನ್ನು ಗಾಳಿಯಿಂದ ಆಚೆ ತಿರುಗಿಸಿ. ಆಚೆ ಬದಿಯ ಎಳೆ ಕುಣಿದರೆ ಅಥವಾ ಜೋತುಬಿದ್ದರೆ ಹಗ್ಗ ಬಿಡಿ, ಇಲ್ಲವೇ ಮೂತಿಯನ್ನು ಗಾಳಿಯ ಕಡೆಗೆ ತನ್ನಿ. ಹಗ್ಗವೋ ಚುಕ್ಕಾಣಿಯೋ ಎಂಬ ಆಯ್ಕೆಗೆ ಸುಲಭದ ಸೂತ್ರವಿದೆ: ಒಂದು ಗುರುತಿನತ್ತ ನೇರ ಹೋಗುತ್ತಿದ್ದರೆ ಹಗ್ಗ ಆಡಿಸಿ. ಎದುರು ಗಾಳಿಗೆ ಏರುತ್ತಿದ್ದರೆ ಹಾಯಿಯನ್ನು ಎಳೆದಿಟ್ಟು ಚುಕ್ಕಾಣಿ ಆಡಿಸಿ.

ಎದುರು ಗಾಳಿಗೆ ಏರುವಾಗ ಎಷ್ಟು ಕೋನ? ಒಂದು ಲೆಕ್ಕ ನೋಡಿ. 45 ಡಿಗ್ರಿಯಲ್ಲಿ 4.5 ನಾಟ್ ವೇಗದ ದೋಣಿ ಗಾಳಿ ಬರುವ ದಿಕ್ಕಿಗೆ ಗಳಿಸುವುದು ಸುಮಾರು 3.2 ನಾಟ್. ‘ಗುರುತಿಗೆ ಹತ್ತಿರವಾಗಲಿ’ ಎಂದು 38 ಡಿಗ್ರಿಗೆ ಚುಚ್ಚಿ ವೇಗ 3.6ಕ್ಕೆ ಇಳಿಯಿತೆನ್ನಿ, ಗಳಿಕೆ 2.8. ವೇಗದ ಆಸೆಗೆ 55 ಡಿಗ್ರಿಗೆ ಸರಿದು 5 ನಾಟ್ ಪಡೆದರೂ ಗಳಿಕೆ 2.9 ಮಾತ್ರ. ವೇಗದ ಅಂಕಿ ಅತಿ ದೊಡ್ಡದಿದ್ದಾಗಲೂ ನೀವು ಹಿಂದೆ ಬೀಳಬಹುದು ಎಂಬುದು ಇದರಿಂದ ಗೊತ್ತಾಗುತ್ತದೆ. ಈ ಗಳಿಕೆಯನ್ನೇ ಆಟಗಳು ವಿಎಂಜಿ ಎಂದು ತೋರಿಸುತ್ತವೆ.

ಹಂತ 4: ಉಳಿದ ಹಗ್ಗಗಳು, ಹಲಗೆ

ಇವುಗಳ ಬಗ್ಗೆ ಮೊದಲ ದಿನವೇ ತಲೆ ಕೆಡಿಸಿಕೊಳ್ಳಬೇಡಿ. ಮೇನ್‌ಶೀಟ್ ಕೈಗೆ ಬಂದ ಮೇಲೆ ಇತ್ತ ಬನ್ನಿ.

ವ್ಯಾಂಗ್ ಬೂಮನ್ನು ಕೆಳಕ್ಕೆ ಹಿಡಿದಿಡುವ ಹಗ್ಗ. ಅದು ಸಡಿಲವಿದ್ದರೆ ಮೇನ್‌ಶೀಟ್ ಬಿಟ್ಟಾಗ ಬೂಮ್ ಹೊರಗೆ ಹೋಗುವ ಬದಲು ಮೇಲಕ್ಕೇಳುತ್ತದೆ, ಹಾಯಿಯ ತುದಿ ತಿರುಚಿಕೊಂಡು ಶಕ್ತಿ ಸೋರುತ್ತದೆ. ಜೋರು ಗಾಳಿಯಲ್ಲಿ ಏರುವಾಗ ಇದನ್ನು ಗಟ್ಟಿಯಾಗಿ ಎಳೆದರೆ ಕಂಬ ಬಾಗಿ ಹಾಯಿ ಚಪ್ಪಟೆಯಾಗುತ್ತದೆ. ಗಾಳಿಯ ಜೊತೆ ಇಳಿಯುವಾಗ ಸಡಿಲಿಸಿ. ಸಡಿಲಿಸಲು ಮರೆಯುವವರೇ ಹೆಚ್ಚು.

ಕನ್ನಿಂಗ್‌ಹ್ಯಾಮ್ ಹಾಯಿಯ ಮುಂದಿನ ಅಂಚನ್ನು ಕೆಳಕ್ಕೆಳೆಯುತ್ತದೆ. ದೋಣಿ ವಾಲಿ ಹಿಡಿತ ತಪ್ಪುವಷ್ಟು ಗಾಳಿ ಬರುವ ತನಕ ಇದರ ಅಗತ್ಯವಿಲ್ಲ. ಔಟ್‌ಹಾಲ್ ಹಾಯಿಯ ತಳದ ಹೊಟ್ಟೆ ಎಷ್ಟು ಉಬ್ಬಬೇಕೆಂದು ಹೇಳುತ್ತದೆ: ಸಡಿಲಿಸಿದರೆ ಹೊಟ್ಟೆ ದೊಡ್ಡದು, ಶಕ್ತಿ ಹೆಚ್ಚು. ಏರುವಾಗ ಹಾಯಿಯ ತಳಕ್ಕೂ ಬೂಮಿಗೂ ನಡುವೆ ಅರ್ಧದಿಂದ ಒಂದು ಗೇಣು ಅಂತರ ಸಾಕು.

ಡ್ಯಾಗರ್‌ಬೋರ್ಡ್ ದೋಣಿಯ ನಡುವಿನಿಂದ ನೀರಿಗೆ ಇಳಿಯುವ ಹಲಗೆ. ದೋಣಿ ಪಕ್ಕಕ್ಕೆ ಜಾರದಂತೆ ತಡೆಯುತ್ತದೆ. ಏರುವಾಗ ಪೂರ್ತಿ ಕೆಳಗೆ, ಇಳಿಯುವಾಗ ಅರ್ಧದಷ್ಟು ಮೇಲಕ್ಕೆ. ‘ಏರುವಾಗ ಪಕ್ಕಕ್ಕೇ ಕೊಚ್ಚಿಹೋಗುತ್ತಿದ್ದೇನೆ’ ಎನ್ನುವವರು ಹಿಂದಿನ ಸುತ್ತಿನಲ್ಲಿ ಎತ್ತಿದ ಹಲಗೆಯನ್ನು ಇಳಿಸಿದ್ದೀರೋ ಇಲ್ಲವೋ ಮೊದಲು ನೋಡಿ.

ಹಂತ 5: ವಾಲು ಕೋನ

ದೋಣಿ ಗಾಳಿಯಿಂದಾಚೆಗೆ ವಾಲಿದರೆ ಅದರ ಮೂತಿ ತಾನಾಗಿ ಗಾಳಿಯ ಕಡೆಗೆ ತಿರುಗುತ್ತದೆ. ಅದನ್ನು ತಡೆಯಲು ನೀವು ಚುಕ್ಕಾಣಿ ಎಳೆದು ಹಿಡಿಯುತ್ತೀರಿ. ಅಡ್ಡ ತಿರುಗಿದ ಚುಕ್ಕಾಣಿ ಬ್ರೇಕೇ ಸರಿ. ಆದ್ದರಿಂದ ಲೇಸರನ್ನು ಸಮತಟ್ಟಾಗಿ ಇಡಬೇಕು. ಗಾಳಿ ತೀರಾ ಕಡಿಮೆಯಿದ್ದಾಗ ಮಾತ್ರ ಹಾಯಿಗೆ ಆಕಾರ ಬರಲೆಂದು ತುಸು ವಾಲಿಸಬಹುದು.

ಗಾಳಿಯ ಹೊಡೆತ ಬಂದಾಗ ಈ ಕ್ರಮ ತಪ್ಪಬೇಡಿ: ಮೊದಲು ಮೇನ್‌ಶೀಟ್ ಸ್ವಲ್ಪ ಬಿಡಿ, ಜೊತೆಯಲ್ಲೇ ದೇಹವನ್ನು ಹೊರಕ್ಕೆ ಚಾಚಿ, ದೋಣಿ ಸಮವಾದ ಕೂಡಲೇ ಹಗ್ಗವನ್ನು ಮತ್ತೆ ಎಳೆದುಕೊಳ್ಳಿ. ಹೀಗೆ ಮಾಡಿದರೆ ಹೊಡೆತ ವೇಗವಾಗುತ್ತದೆ. ಹಗ್ಗ ಬಿಡದೆ ಬರೀ ದೇಹ ಚಾಚಿದರೆ ದೋಣಿ ಮಗುಚುತ್ತದೆ. ನೀರಿನ ಮೇಲೆ ಕಪ್ಪಾಗಿ ಹರಿದುಬರುವ ಪಟ್ಟೆಗಳನ್ನು ಸಿಮ್ಯುಲೇಟರ್ ತೋರಿಸುವುದಾದರೆ ಅವೇ ಬರಲಿರುವ ಹೊಡೆತಗಳು.

ಹಂತ 6: ಟ್ಯಾಕ್ ಮತ್ತು ಜೈಬ್

ಮೂತಿ ಗಾಳಿಯನ್ನು ದಾಟಿ ಆಚೆ ಬದಿಗೆ ಹೋಗುವುದು ಟ್ಯಾಕ್. ಹಿಂಭಾಗ ಗಾಳಿಯನ್ನು ದಾಟುವುದು ಜೈಬ್.

ಟ್ಯಾಕ್ ಮಾಡುವ ಮುನ್ನ ಪೂರ್ತಿ ವೇಗ ಇರಲಿ. ಚುಕ್ಕಾಣಿಯನ್ನು ಮೆಲ್ಲನೆ ಶುರುಮಾಡಿ ನಡುವೆ ಹೆಚ್ಚಿಸಿ. ಮೂತಿ ಗಾಳಿಯನ್ನು ದಾಟುವಾಗ ಹಗ್ಗವನ್ನು ಸ್ವಲ್ಪ ಬಿಟ್ಟು ಬದಿ ಬದಲಿಸಿ. ಒಟ್ಟು ತಿರುವು ಸುಮಾರು 90 ಡಿಗ್ರಿ. ಇದಕ್ಕಿಂತ ಹೆಚ್ಚು ತಿರುಗಿ ಆಮೇಲೆ ವಾಪಸು ಬರುವುದು ಎಲ್ಲರೂ ಮಾಡುವ ತಪ್ಪು. ತಿರುಗುವ ಮುನ್ನವೇ ದಿಕ್ಸೂಚಿಯ ಅಂಕಿಗೆ 90 ಕೂಡಿಸಿ ಅಥವಾ ಕಳೆದು ಎಲ್ಲಿ ನಿಲ್ಲಬೇಕೆಂದು ಲೆಕ್ಕ ಹಾಕಿಕೊಳ್ಳಿ. ಅರ್ಧಕ್ಕೇ ಸಿಕ್ಕಿಕೊಂಡು ದೋಣಿ ಹಿಂದಕ್ಕೆ ಸರಿಯತೊಡಗಿದರೆ ಚುಕ್ಕಾಣಿಯ ಪರಿಣಾಮ ತಿರುವುಮುರುವಾಗುತ್ತದೆ ಎಂಬುದೂ ನೆನಪಿರಲಿ.

ಜೈಬಿನಲ್ಲಿ ಬೂಮ್ ಒಂದೇ ಏಟಿಗೆ ಆ ಬದಿಗೆ ಹಾರುತ್ತದೆ. ವೇಗ ಹೆಚ್ಚಿರುವಾಗಲೇ ಮಾಡಿ, ಆಗ ತೋರುಗಾಳಿ ಕಡಿಮೆ. ಹೆದರಿ ನಿಧಾನಿಸಿದವರೇ ಮಗುಚುವುದು.

ಹಂತ 7: ಸ್ಟಾರ್ಟ್

ಸಾಮಾನ್ಯ ರೇಸಿನಲ್ಲಿ ಐದು ನಿಮಿಷ ಮೊದಲು ಎಚ್ಚರಿಕೆಯ ಸಂಕೇತ, ನಾಲ್ಕಕ್ಕೆ ಸಿದ್ಧತೆಯದು, ಒಂದು ನಿಮಿಷಕ್ಕೆ ಇನ್ನೊಂದು, ಸೊನ್ನೆಗೆ ಸ್ಟಾರ್ಟ್. ಬಹಳಷ್ಟು ಆಟಗಳು ಇದನ್ನು ಒಂದೆರಡು ನಿಮಿಷಕ್ಕೆ ಮೊಟಕುಗೊಳಿಸುತ್ತವೆ. ಸಮಿತಿಯ ದೋಣಿಗೂ ಒಂದು ತೇಲುಗುರುತಿಗೂ ನಡುವಿನ ಕಾಲ್ಪನಿಕ ಗೆರೆಯೇ ಸ್ಟಾರ್ಟ್ ಲೈನ್. ಸೊನ್ನೆಗೆ ಮುಂಚೆ ದಾಟಿದರೆ ವಾಪಸು ಬಂದು ಮತ್ತೆ ದಾಟಬೇಕು. ಅಲ್ಲಿಗೆ ರೇಸು ಬಹುಮಟ್ಟಿಗೆ ಮುಗಿದ ಹಾಗೆ.

ಮೊದಲು ಯಾವ ತುದಿ ಲಾಭದ್ದೆಂದು ಕಂಡುಕೊಳ್ಳಿ. ಲೈನಿನ ನಡುವೆ ದೋಣಿಯ ಮೂತಿಯನ್ನು ನೇರ ಗಾಳಿಗೆ ಹಿಡಿಯಿರಿ; ಮೂತಿ ಯಾವ ತುದಿಯ ಕಡೆ ಹೆಚ್ಚು ವಾಲಿದೆಯೋ ಅದು ಗಾಳಿಗೆ ಹತ್ತಿರದ ತುದಿ. 100 ಮೀಟರ್ ಲೈನಿನಲ್ಲಿ 10 ಡಿಗ್ರಿ ಓರೆಯಿದ್ದರೆ ಎರಡು ತುದಿಗಳ ನಡುವಿನ ವ್ಯತ್ಯಾಸ 17 ಮೀಟರ್, ಅಂದರೆ ನಾಲ್ಕು ದೋಣಿಯುದ್ದ. ಚೂರು ವೇಗಕ್ಕಾಗಿ ಇಡೀ ವಾರ ಹೆಣಗುವವರು ಈ ನಾಲ್ಕು ಉದ್ದವನ್ನು ನೋಡದೇ ಬಿಟ್ಟುಕೊಡುವುದು ನನಗೆ ಅರ್ಥವಾಗದ ಸಂಗತಿ.

ಆದರೂ ಮೊದಮೊದಲು ಲಾಭದ ತುದಿಯ ಗುಂಪಿಗೆ ನುಗ್ಗಬೇಡಿ. ಅಲ್ಲಿಂದ ಒಂದಿಷ್ಟು ದೂರ, ಖಾಲಿ ನೀರು ಇರುವಲ್ಲಿ ನಿಲ್ಲಿ. ಹಾಯಿ ಸಡಿಲಿಸಿ ನಿಂತ ದೋಣಿ ಪೂರ್ತಿ ವೇಗಕ್ಕೆ ಬರಲು ಎಷ್ಟು ಸೆಕೆಂಡು, ಅಷ್ಟರಲ್ಲಿ ಎಷ್ಟು ದೂರ ಹೋಗುತ್ತದೆ ಎಂದು ಒಬ್ಬರೇ ಇರುವಾಗ ಅಳೆದಿಟ್ಟುಕೊಳ್ಳಿ. ಸ್ಟಾರ್ಟಿನ ಗುಟ್ಟೆಲ್ಲ ಆ ಎರಡು ಅಂಕಿಯಲ್ಲಿದೆ. ನಿಮ್ಮ ಗಾಳಿಯಿಂದಾಚೆ ಬದಿಯಲ್ಲಿ ಒಂದು ದೋಣಿ ಹಿಡಿಸುವಷ್ಟು ಜಾಗ ಉಳಿಸಿಕೊಂಡರೆ ಸೊನ್ನೆಗೆ ಸರಿಯಾಗಿ ಅತ್ತ ತುಸು ತಿರುಗಿ ವೇಗ ಪಡೆಯಬಹುದು.

ಹಂತ 8: ಯಾರು ಯಾರಿಗೆ ದಾರಿ ಬಿಡಬೇಕು

ನಿಯಮಪುಸ್ತಕ ದೊಡ್ಡದು. ಶುರುವಿಗೆ ಇಷ್ಟು ಸಾಕು.

ಮೂತಿಯ ಕಡೆ ಮುಖ ಮಾಡಿ ಕೂತಾಗ ಗಾಳಿ ಬಲದಿಂದ ಬರುತ್ತಿದ್ದರೆ ನೀವು ಸ್ಟಾರ್‌ಬೋರ್ಡ್ ಟ್ಯಾಕಿನಲ್ಲಿದ್ದೀರಿ, ಎಡದಿಂದ ಬಂದರೆ ಪೋರ್ಟ್ ಟ್ಯಾಕಿನಲ್ಲಿ. ಇಬ್ಬರೂ ಎದುರಾದರೆ ಪೋರ್ಟಿನವರು ದಾರಿ ಬಿಡಬೇಕು. ಇಬ್ಬರದೂ ಒಂದೇ ಟ್ಯಾಕ್, ಅಕ್ಕಪಕ್ಕದಲ್ಲಿದ್ದೀರಿ ಎಂದರೆ ಗಾಳಿ ಬರುವ ಕಡೆಯವರು ಬಿಡಬೇಕು. ಹಿಂದೆ ಮುಂದೆ ಇದ್ದರೆ ಹಿಂದಿನವರು ಬಿಡಬೇಕು. ಟ್ಯಾಕ್ ಮಾಡುತ್ತಿರುವವರು ತಿರುಗಿ ಮುಗಿಯುವ ತನಕ ಎಲ್ಲರಿಗೂ ಬಿಡಬೇಕು. ಯಾರದೋ ಮೂತಿಯ ಮುಂದೆಯೇ ಟ್ಯಾಕ್ ಮಾಡಿ ‘ನಾನು ಸ್ಟಾರ್‌ಬೋರ್ಡ್’ ಎಂದರೆ ನಡೆಯದು.

ಮಾರ್ಕ್, ಅಂದರೆ ಸುತ್ತಿ ಬರಬೇಕಾದ ತೇಲುಗುರುತಿನ ಬಳಿ ಮೂರು ದೋಣಿಯುದ್ದದ ವೃತ್ತವಿದೆ, ಲೇಸರಿಗೆ ಸುಮಾರು 12.5 ಮೀಟರ್. ಮೊದಲ ದೋಣಿ ಅದನ್ನು ಮುಟ್ಟುವಾಗ ಇಬ್ಬರ ದೋಣಿಗಳು ಸ್ವಲ್ಪವಾದರೂ ಅಕ್ಕಪಕ್ಕಕ್ಕೆ ಬಂದಿದ್ದರೆ ಹೊರಗಿನವರು ಒಳಗಿನವರಿಗೆ ಸುತ್ತಲು ಜಾಗ ಕೊಡಬೇಕು. ಎದುರುಬದುರು ಟ್ಯಾಕಿನಲ್ಲಿ ಮೇಲಿನ ಮಾರ್ಕಿಗೆ ಏರಿಬರುವವರ ನಡುವೆ ಇದು ಅನ್ವಯಿಸದು. ಗುಂಪಿರುವಾಗ ಆ ಮಾರ್ಕಿಗೆ ಪೋರ್ಟ್ ಟ್ಯಾಕಿನಲ್ಲಿ ಬರುವುದು ಗ್ರಹಚಾರವನ್ನು ಕರೆದಂತೆ.

ತಪ್ಪಿದರೆ ದಂಡವಾಗಿ ಎರಡು ಸುತ್ತು ತಿರುಗಬೇಕು, ಮಾರ್ಕಿಗೆ ತಾಗಿದರೆ ಒಂದು. ಕೆಲವು ಆಟಗಳು ಇದರ ಬದಲು ದೋಣಿಯನ್ನು ಕೆಲಹೊತ್ತು ನಿಧಾನಿಸುತ್ತವೆ.

ಹಂತ 9: ಏರುದಾರಿಯ ಲೆಕ್ಕ

ಈಗ ಸೆಟ್ಟಿಂಗ್ಸ್‌ನಲ್ಲಿ ಗಾಳಿಯ ದಿಕ್ಕು ಬದಲಾಗಲು ಬಿಡಿ. ಗಾಳಿ ಉತ್ತರದಿಂದ, ಅಂದರೆ 0 ಡಿಗ್ರಿಯಿಂದ ಬರುತ್ತಿದೆ ಎನ್ನಿ. ಸ್ಟಾರ್‌ಬೋರ್ಡ್ ಟ್ಯಾಕಿನಲ್ಲಿ ನಿಮ್ಮ ದಿಕ್ಕು 315, ಪೋರ್ಟಿನಲ್ಲಿ 45. ಈ ಎರಡು ಅಂಕಿಗಳನ್ನು ಕಾಗದದ ಮೇಲೆ ಬರೆದಿಡಿ. ಸ್ಟಾರ್‌ಬೋರ್ಡಿನಲ್ಲಿ ಹೋಗುತ್ತಾ ಇದ್ದಕ್ಕಿದ್ದಂತೆ 305ಕ್ಕೆ ಇಳಿಯಬೇಕಾಯಿತೆಂದರೆ ಗಾಳಿ ಎಡಕ್ಕೆ ಹೊರಳಿದೆ, ನಿಮ್ಮನ್ನು ಗುರುತಿನಿಂದ ದೂರ ತಳ್ಳುತ್ತಿದೆ. ಟ್ಯಾಕ್ ಮಾಡಿ; ಪೋರ್ಟಿನಲ್ಲಿ ನಿಮಗೆ 35 ಸಿಗುತ್ತದೆ, ಮೊದಲಿಗಿಂತ 10 ಡಿಗ್ರಿ ಲಾಭ. ಅದರ ಬದಲು 325 ಸಿಕ್ಕಿತೆಂದರೆ ಗಾಳಿ ನಿಮ್ಮ ಪರ, ಹಾಗೇ ಹೋಗುತ್ತಿರಿ. ಎರಡು ಮೂರು ಡಿಗ್ರಿಯ ಅಲುಗಾಟಕ್ಕೆಲ್ಲ ಟ್ಯಾಕ್ ಮಾಡುತ್ತಾ ಕೂತರೆ ಪ್ರತಿ ತಿರುವಿನಲ್ಲಿ ಕಳೆಯುವ ವೇಗವೇ ನಷ್ಟ.

ಬೇರೆಯವರ ಹಾಯಿಯ ಹಿಂದೆ ಕೆದರಿದ ಗಾಳಿ ಇರುತ್ತದೆ. ಅದರಲ್ಲಿ ಸಿಕ್ಕಿಕೊಂಡಿದ್ದರೆ ಮಾತ್ರ ಎಷ್ಟು ಡಿಗ್ರಿ ಎಂದು ನೋಡದೆ ಟ್ಯಾಕ್ ಮಾಡಿ ಹೊರಬನ್ನಿ.

ಮಾರ್ಕ್ ನಿಮ್ಮ ನೇರ ಪಕ್ಕೆಗಿಂತ ಸ್ವಲ್ಪ ಹಿಂದೆ ಬಂದಾಗ ಕೊನೆಯ ಟ್ಯಾಕ್ ಮಾಡಿ. ಮೊದಲೇ ಮೈದಾನದ ಮೂಲೆಗೆ ಹೋಗಿಬಿಟ್ಟರೆ ಆಮೇಲೆ ಗಾಳಿ ಹೇಗೆ ಹೊರಳಿದರೂ ನಿಮಗೆ ಲಾಭವಿಲ್ಲ.

ಹಂತ 10: ಇಳಿದಾರಿ

ಮಾರ್ಕ್ ಸುತ್ತಿದ ಕೂಡಲೇ ಮೇನ್‌ಶೀಟ್ ಪೂರ್ತಿ ಬಿಡಿ, ವ್ಯಾಂಗ್ ಸಡಿಲಿಸಿ, ಹಲಗೆ ಎತ್ತಿ. ಲೇಸರಿನ ಕಂಬಕ್ಕೆ ಪಕ್ಕದ ತಂತಿಗಳಿಲ್ಲ, ಹಾಗಾಗಿ ಬೂಮನ್ನು 90 ಡಿಗ್ರಿಯಾಚೆಗೂ ಬಿಡಬಹುದು. ನುರಿತವರು ಇದನ್ನು ಬಳಸಿ ಗಾಳಿಯನ್ನು ಹಾಯಿಯ ಹಿಂದಿನ ಅಂಚಿನಿಂದ ಒಳಕ್ಕೆ ಹರಿಸಿಕೊಳ್ಳುತ್ತಾರೆ. ನೀವು ಸದ್ಯಕ್ಕೆ 80 ಡಿಗ್ರಿಯ ಸುಮಾರಿಗೆ ಇಡಿ. ದೋಣಿ ಎಡಬಲಕ್ಕೆ ತೊಟ್ಟಿಲಾಡತೊಡಗಿ ಗಾಳಿ ಬರುವ ಕಡೆಗೆ ಬೀಳುವಂತಾದರೆ ಹಗ್ಗ ಸ್ವಲ್ಪ ಒಳಗೆಳೆದು ಮೂತಿಯನ್ನು ತುಸು ಗಾಳಿಯ ಕಡೆ ತನ್ನಿ. ಇಲ್ಲಿ ಮಾತ್ರ ಹಗ್ಗ ಬಿಡುವುದು ಮದ್ದಲ್ಲ, ಬಿಟ್ಟರೆ ಮಗುಚುತ್ತೀರಿ.

ಕೆಳಗಿನ ಮಾರ್ಕ್ ಬರುವ ಮುನ್ನವೇ ಹಲಗೆ ಇಳಿಸಿ, ವ್ಯಾಂಗ್ ಬಿಗಿಯಿರಿ. ತಿರುವಿಗೆ ಅಗಲವಾಗಿ ಹೋಗಿ, ಮಾರ್ಕಿಗೆ ಒತ್ತಿಕೊಂಡು ಹೊರಬನ್ನಿ.

ರೇಸು ಮುಗಿದ ಮೇಲೆ ಮರುಪ್ರದರ್ಶನ ಇದ್ದರೆ ನಿಮ್ಮ ದೋಣಿಯನ್ನಲ್ಲ, ಗೆದ್ದವರ ದೋಣಿಯನ್ನು ನೋಡಿ: ಸ್ಟಾರ್ಟಿನ ಕೊನೆಯ ಅರ್ಧ ನಿಮಿಷ ಎಲ್ಲಿದ್ದರು, ಮೊದಲ ಟ್ಯಾಕ್ ಯಾವಾಗ ಮಾಡಿದರು ಎಂಬೆರಡೇ ಸಾಕು.

ಇಷ್ಟು ಕಲಿತು ನಿಜದ ದೋಣಿ ಹತ್ತುವವರಿಗೆ (ಹೈದರಾಬಾದಿನ ಹುಸೇನ್ ಸಾಗರದಲ್ಲಿ ಲೇಸರ್ ರೇಸುಗಳು ನಡೆಯುತ್ತವೆ) ಒಂದು ಎಚ್ಚರಿಕೆ. ಗಾಳಿಯ ಕೋನ, ನಿಯಮ, ಸ್ಟಾರ್ಟಿನ ಲೆಕ್ಕ ಹಾಗೇ ಉಪಯೋಗಕ್ಕೆ ಬರುತ್ತವೆ. ಹಗ್ಗದ ಭಾರ, ತೊಡೆಯ ನೋವು, ತಣ್ಣೀರು ಹೊಸತು. ಮಗುಚಿದ ದೋಣಿಯನ್ನು ಗುಂಡಿಯೊತ್ತಿ ನಿಲ್ಲಿಸಲಾಗದು, ಡ್ಯಾಗರ್‌ಬೋರ್ಡಿನ ಮೇಲೆ ನಿಂತು ಮೈಭಾರ ಹಾಕಿ ಎತ್ತಬೇಕು. ಲೈಫ್ ಜಾಕೆಟ್ ಇಲ್ಲದೆ ಇಳಿಯಬೇಡಿ. ಜೈಬ್ ಮಾಡುವಾಗ ತಲೆ ತಗ್ಗಿಸಿ.